ಐರಿಷ್ ಸರ್‌ನೇಮ್‌ನ ಮೂಲ ಮತ್ತು ಅರ್ಥ ಹುಡುಕುವುದು ಹೇಗೆ? ಲ್ಯಾವೆಲ್ಲೆ ರಸ್ತೆಯಿಂದ ಮೇಯೊ ಕೌಂಟಿವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯ ಹೆಸರು ಕೇಳಿದರೆ ಯಾರೋ ಫ್ರೆಂಚ್ ಸಾಹೇಬನ ಹೆಸರಿರಬೇಕು ಅನ್ನಿಸುತ್ತದೆ. ಕಿವಿಗೆ ಹಾಗೇ ಕೇಳುತ್ತದೆ, ಅಲ್ವಾ? ಆದರೆ ಆ ರಸ್ತೆಗೆ ಹೆಸರು ಬಂದದ್ದು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎಂಬ ಐರಿಷ್ ಸಿಪಾಯಿಯಿಂದ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ದುಡಿದು, ನಿವೃತ್ತಿಯ ನಂತರ ಬೆಂಗಳೂರು ದಂಡಿಗೆ ಬಂದು ನೆಲೆಸಿದವನು ಆತ. 1870ರ ದಶಕದಲ್ಲಿ ಕೋಲಾರದ ಚಿನ್ನದ ಜಾಡು ಹಿಡಿದು ಮೈಸೂರು ಸರ್ಕಾರದಿಂದ ಗಣಿ ಪರವಾನಗಿ ಪಡೆದ. ಇವತ್ತಿನ ಕೆಜಿಎಫ್ ಕಥೆಯ ಮೊದಲ ಪುಟಗಳಲ್ಲಿ ಆತ ಬರುತ್ತಾನೆ.

ಆತನ ಹೆಸರಿನಲ್ಲೇ ಎರಡು ಐರಿಷ್ ಮನೆತನದ ಹೆಸರುಗಳಿವೆ. ತಮಾಷೆ ಏನೆಂದರೆ, ಫ್ರೆಂಚ್‌ನಂತೆ ಕೇಳುವ ಲ್ಯಾವೆಲ್ ಅಪ್ಪಟ ಗೇಲಿಕ್, ಅಂದರೆ ಐರ್ಲೆಂಡಿನ ಸ್ವಂತ ಐರಿಷ್ ಭಾಷೆಯದು. ಇಂಗ್ಲಿಷ್‌ನಂತೆ ಕೇಳುವ ಫಿಟ್ಜ್‌ಜೆರಾಲ್ಡ್‌ನ ಮೊದಲ ತುಂಡೇ ಫ್ರೆಂಚ್. ಐರಿಷ್ ಹೆಸರುಗಳ ವಿಷಯದಲ್ಲಿ ಕಿವಿಯನ್ನು ಎಷ್ಟು ನಂಬಬಹುದು ಅನ್ನೋದಕ್ಕೆ ಇಷ್ಟು ಸಾಕು.

ಈ ಬರಹ ಮೂರು ಥರದವರಿಗೆ. ಡಬ್ಲಿನ್, ಕಾರ್ಕ್ ಕಡೆ ಕೆಲಸಕ್ಕಿದ್ದು ದಿನವೂ ಬ್ರೆನನ್, ಡಾಯ್ಲ್, ಮ್ಯಾಕ್‌ನಮಾರಾ ಅಂತ ಕರೆಯುತ್ತಿರುವ ಕನ್ನಡಿಗರಿಗೆ. ಮುತ್ತಜ್ಜನ ಕಡೆಯಿಂದ ಐರಿಷ್ ಹೆಸರು ಉಳಿದುಕೊಂಡಿರುವ ಬೆಂಗಳೂರು, ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಯವರಿಗೆ. ಮತ್ತೆ, ಸುಮ್ನೆ ಕುತೂಹಲ ಇರುವವರಿಗೆ. ಬೇಕಾದ ದಾಖಲೆಗಳಲ್ಲಿ ಬಹುಪಾಲು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬೇಕಿರುವುದು ತಾಳ್ಮೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಮಾಡುವುದು ಹೆಸರನ್ನು ಗೂಗಲ್‌ಗೆ ಹಾಕಿ ಅರ್ಥ ಏನು ಅಂತ ಕೇಳುವುದು. ನನ್ನ ಪ್ರಕಾರ ಅದು ತಲೆಕೆಳಗಾದ ದಾರಿ. ಇಂಗ್ಲಿಷ್‌ನಲ್ಲಿ ಒಂದೇ ಥರ ಬರೆಯುವ ಹೆಸರಿನ ಹಿಂದೆ ಮೂರ್ನಾಲ್ಕು ಬೇರೆ ಬೇರೆ ಐರಿಷ್ ಹೆಸರುಗಳಿರಬಹುದು. ನಿಮ್ಮದು ಯಾವುದು ಅಂತ ತಿಳಿಯಬೇಕಾದರೆ ಊರು ಗೊತ್ತಾಗಬೇಕು. ಹಾಗಾಗಿ ಮೊದಲು ಕಾಗುಣಿತ, ಆಮೇಲೆ ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಆಮೇಲೆ ಐರಿಷ್ ರೂಪ. ಅರ್ಥ ಕೊನೆಗೆ.

ಹಂತ 1: ಹೆಸರನ್ನು ಕಾಗದದಲ್ಲಿ ಇರುವಂತೆ ಬರೆದುಕೊಳ್ಳಿ

ಮನೆಯಲ್ಲಿರುವ ಅತಿ ಹಳೆಯ ಕಾಗದ ಹುಡುಕಿ. ಚರ್ಚಿನ ಮದುವೆ ಸರ್ಟಿಫಿಕೇಟು, ಪಿಂಚಣಿ ಪುಸ್ತಕ, ಗೋರಿಕಲ್ಲಿನ ಫೋಟೊ, ಏನಾದರೂ ಆದೀತು. ಅದರಲ್ಲಿ ಹೆಸರು ಹೇಗಿದೆಯೋ ಹಾಗೇ, ತಿದ್ದದೆ, ಅಕ್ಷರ ಅಕ್ಷರ ಬರೆದುಕೊಳ್ಳಿ. ಪಕ್ಕದಲ್ಲಿ ವರ್ಷ, ಊರು, ಧರ್ಮ, ಕಸುಬು ಬರೆಯಿರಿ. ಕ್ಯಾಥೊಲಿಕ್ಕೋ ಪ್ರಾಟೆಸ್ಟೆಂಟೋ ಅನ್ನುವುದು ಇಲ್ಲಿ ಮುಖ್ಯ. ಯಾವ ರಿಜಿಸ್ಟರ್ ತೆರೆಯಬೇಕು ಅನ್ನುವುದು ಅದರ ಮೇಲೆ ನಿಂತಿದೆ.

ಆಮೇಲೆ ಅದೇ ಹೆಸರಿನ ಬೇರೆ ಕಾಗುಣಿತಗಳ ಪಟ್ಟಿ ಮಾಡಿ. 19ನೇ ಶತಮಾನದಲ್ಲಿ ಹೆಸರು ಬರೆಯುತ್ತಿದ್ದವನು ಗುಮಾಸ್ತ ಅಥವಾ ಪಾದ್ರಿ. ಹೇಳಿದವನಿಗೆ ಎಷ್ಟೋ ಸಲ ಓದು ಬರಹ ಬರುತ್ತಿರಲಿಲ್ಲ. ಕಿವಿಗೆ ಬಿದ್ದದ್ದು ಕಾಗದಕ್ಕೆ ಇಳಿಯಿತು. ಲ್ಯಾವೆಲ್ ಅನ್ನುವುದನ್ನು ಒಂದು ಎಲ್ ಹಾಕಿ, ಎರಡು ಎಲ್ ಹಾಕಿ, ಕೊನೆಯಲ್ಲಿ ಇ ಹಾಕಿ, ಹಾಕದೆ ಎಲ್ಲ ಥರದಲ್ಲೂ ಹುಡುಕಬೇಕು. ಮರ್ಫಿ ಕೆರಿ ಕೌಂಟಿಯಲ್ಲಿ ಮಾರ್ಫಿ ಆಗಿದ್ದೂ ಉಂಟು. ಅಣ್ಣ ಒಂದು ಥರ, ತಮ್ಮ ಇನ್ನೊಂದು ಥರ ಸಹಿ ಹಾಕಿದ್ದರೆ ಬೇರೆ ವಂಶ ಅಂದುಕೊಳ್ಳಬೇಡಿ.

ಹಂತ 2: ಹೆಸರಿನ ತಲೆ ನೋಡಿ

ಐರ್ಲೆಂಡಿನಲ್ಲಿ ಮನೆತನದ ಹೆಸರು ತಲೆಮಾರಿನಿಂದ ತಲೆಮಾರಿಗೆ ಬರುವ ಪದ್ಧತಿ ಯುರೋಪಿನ ಬಹುತೇಕ ಕಡೆಗಳಿಗಿಂತ ಹಳೆಯದು. ಪಶ್ಚಿಮದ ಆಯ್ನೆ ಸೀಮೆಯ ಒಡೆಯ ಟಿಯರ್ನಾಖ್ ಓ ಕ್ಲೇರಿ 916ರಲ್ಲಿ ಸತ್ತನೆಂದು ಐರಿಷ್ ವಾರ್ಷಿಕ ದಾಖಲೆಗಳಲ್ಲಿ ಬರೆದಿದೆ. ಸರ್‌ನೇಮ್‌ಗೆ ಸಿಗುವ ಅತಿ ಹಳೆಯ ಐರಿಷ್ ಸಾಕ್ಷಿಗಳಲ್ಲಿ ಇದೂ ಒಂದು.

ಗೇಲಿಕ್ ಹೆಸರಿಗೆ ಎರಡು ತಲೆ. 'ಮ್ಯಾಕ್' ಅಂದರೆ ಮಗ. 'ಓ' ಅಂದರೆ ಮೊಮ್ಮಗ, ವಂಶದವನು. 1014ರ ಕ್ಲಾಂಟಾರ್ಫ್ ಕಾಳಗದಲ್ಲಿ ಸತ್ತ ದೊರೆ ಬ್ರಿಯನ್ ಬೊರುವಿನ ವಂಶದವರು ಓಬ್ರಿಯನ್ ಆದದ್ದು ಹೀಗೆ. 'ಓ'ದ ಮುಂದೆ ಇಂಗ್ಲಿಷ್‌ನಲ್ಲಿ ಹಾಕುವ ಅಪಾಸ್ಟ್ರಫಿ ಗೇಲಿಕ್‌ನಲ್ಲಿ ಇಲ್ಲ. ಅಲ್ಲಿರುವುದು ಅಕ್ಷರದ ತಲೆ ಮೇಲೆ ಒಂದು ಓರೆ ಗೆರೆ, ಉಚ್ಚಾರ ದೀರ್ಘ ಅಂತ ತೋರಿಸಲು.

ಈಗ ತಲೆ ಇಲ್ಲದಿದ್ದರೂ ಮೊದಲು ಇತ್ತೇನೋ ಅಂತ ಯೋಚಿಸಿ. ಇಂಗ್ಲಿಷರ ಆಡಳಿತ ಬಿಗಿಯಾದ 17, 18ನೇ ಶತಮಾನಗಳಲ್ಲಿ ಲಕ್ಷಾಂತರ ಜನ 'ಓ', 'ಮ್ಯಾಕ್' ಎರಡನ್ನೂ ಬಿಟ್ಟರು. 1893ರಲ್ಲಿ ಗೇಲಿಕ್ ಲೀಗ್ ಹುಟ್ಟಿ ಐರಿಷ್ ಭಾಷೆಯ ಅಭಿಮಾನ ಮತ್ತೆ ಚಿಗುರಿದ ಕಾಲಕ್ಕೆ ಎಷ್ಟೋ ಸಲಿವನ್‌ಗಳು ಓಸಲಿವನ್ ಆದರು. ಮರ್ಫಿ, ಕೆಲ್ಲಿ, ಡಾಯ್ಲ್‌ಗಳು ಮಾತ್ರ ಬಹುಮಟ್ಟಿಗೆ ಹಾಗೇ ಉಳಿದರು. ಅಂದರೆ ಅಪ್ಪ ಕಾನರ್, ಮಗ ಓಕಾನರ್ ಆಗಿರುವುದು ಮಾಮೂಲಿ. ಹುಡುಕುವಾಗ ಎರಡನ್ನೂ ಹಾಕಿ.

ಐರಿಷ್ ಭಾಷೆಯಲ್ಲೇ ಹೆಸರು ಬರೆಯುವ ಮನೆಗಳಲ್ಲಿ ಇನ್ನೊಂದು ಗೋಜಲಿದೆ. ಅಪ್ಪ 'ಓ ಮುರಖೂ' ಆದರೆ ಮಗಳು 'ನೀ ವುರಖೂ', ಹೆಂಡತಿ 'ಈ ವುರಖೂ'. ಮೂವರದೂ ಮರ್ಫಿ ಮನೆತನವೇ. ಹೆಣ್ಣಿನ ಹೆಸರಿಗೆ ತಲೆ ಬದಲಾಗುತ್ತದೆ, ಮುಂದಿನ ಅಕ್ಷರದ ಉಚ್ಚಾರವೂ ಮೆತ್ತಗಾಗುತ್ತದೆ. ಕಂಪ್ಯೂಟರಿಗೆ ಇದು ತಿಳಿಯುವುದಿಲ್ಲ. ಮೂರು ಬೇರೆ ಹೆಸರು ಅಂತ ತೋರಿಸುತ್ತದೆ.

'ಫಿಟ್ಜ್' ಇದ್ದರೆ ಸಾಮಾನ್ಯವಾಗಿ ನಾರ್ಮನ್ ಮೂಲ, ಅಂದರೆ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದವರದು. ಹಳೆಯ ಫ್ರೆಂಚ್‌ನಲ್ಲಿ ಮಗ ಅನ್ನುವ ಪದ ಅದು. 1169ರಲ್ಲಿ ನಾರ್ಮನ್ನರು ವೆಕ್ಸ್‌ಫರ್ಡ್ ಕರಾವಳಿಗೆ ಬಂದಿಳಿದರು. ಅವರ ಜೊತೆ ಬಂದ ಮಾರಿಸ್, ವೇಲ್ಸ್‌ನ ಪೆಂಬ್ರೋಕ್ ಕೋಟೆ ನೋಡಿಕೊಳ್ಳುತ್ತಿದ್ದ ಜೆರಾಲ್ಡ್‌ನ ಮಗ. ಫಿಟ್ಜ್‌ಜೆರಾಲ್ಡ್ ಮನೆತನ ಅಲ್ಲಿಂದ ಶುರು. ಈ ನಿಯಮಕ್ಕೆ ಒಂದು ದೊಡ್ಡ ಅಪವಾದ ಫಿಟ್ಜ್‌ಪ್ಯಾಟ್ರಿಕ್. ಅದು 'ಮಾಕ್ ಗಿಲ್ಲ ಫಾಡ್ರಿಗ್' ಎಂಬ ಗೇಲಿಕ್ ಹೆಸರಿಗೆ ನಾರ್ಮನ್ ಟೋಪಿ ಹಾಕಿದ್ದು.

ಬರ್ಕ್, ಜಾಯ್ಸ್, ವಾಲ್ಷ್ ಕೂಡ ನಾರ್ಮನ್ ಕಾಲದ ಸರಕು. ವಾಲ್ಷ್ ಅಂದರೆ ವೇಲ್ಸ್‌ನವನು. ಸ್ಕ್ಯಾಂಡಿನೇವಿಯಾದಿಂದ ಹಡಗೇರಿ ಬಂದ ವೈಕಿಂಗರು ಬಿಟ್ಟುಹೋದ ಗುರುತೂ ಇದೆ. ಮ್ಯಾಕಾಲಿಫ್‌ನೊಳಗೆ ಓಲಾಫ್ ಇದ್ದಾನೆ, ಮ್ಯಾಕ್‌ಮ್ಯಾನಸ್‌ನೊಳಗೆ ಮ್ಯಾಗ್ನಸ್ ಇದ್ದಾನೆ. 1609ರ ನಂತರ ಉತ್ತರದ ಅಲ್ಸ್ಟರ್ ಸೀಮೆಗೆ ಸ್ಕಾಟರು, ಇಂಗ್ಲಿಷರು ಗುಂಪುಗುಂಪಾಗಿ ಬಂದು ನೆಲೆಸಿದರು. ಅವರ ಹೆಸರುಗಳೂ ಈಗ ಐರಿಷ್ ಹೆಸರುಗಳೇ. 1685ರ ನಂತರ ಫ್ರಾನ್ಸ್‌ನಿಂದ ಓಡಿಬಂದ ಹ್ಯೂಗನಾಟ್ ಪ್ರಾಟೆಸ್ಟೆಂಟರದು ಇನ್ನೊಂದು ಸಣ್ಣ ಪದರ. ಲ್ಯಾವೆಲ್ ಅನ್ನು ಈ ಕೊನೆಯ ಗುಂಪಿಗೆ ಸೇರಿಸಿಬಿಡುವವರು ಬಹಳ. ಮುಂದಿನ ಹಂತದಲ್ಲಿ ಅದು ಬಿದ್ದುಹೋಗುತ್ತದೆ.

ಹಂತ 3: ಕೌಂಟಿ ಹಿಡಿಯಿರಿ

ಇಡೀ ಕೆಲಸದ ಬೆನ್ನೆಲುಬು ಇದೇ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಗಾಳಿಗೋಪುರ.

ಐರ್ಲೆಂಡ್ ದ್ವೀಪದಲ್ಲಿ 32 ಕೌಂಟಿಗಳಿವೆ. ಕೌಂಟಿಯೊಳಗೆ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರುಗಳು), ಪ್ಯಾರಿಷ್ ಒಳಗೆ ಟೌನ್‌ಲ್ಯಾಂಡ್. ಹೆಸರು ಕೇಳಿ ಟೌನು ಅಂದುಕೊಳ್ಳಬೇಡಿ. ನಾಲ್ಕಾರು ಮನೆ, ಒಂದಷ್ಟು ಹೊಲ ಇರುವ ತುಂಡು ಭೂಮಿ ಅದು. ಇಂಥವು 60,000ಕ್ಕೂ ಜಾಸ್ತಿ ಇವೆ. ನಿಮ್ಮ ಹುಡುಕಾಟ ಕೊನೆಗೆ ಹೋಗಿ ನಿಲ್ಲಬೇಕಾದದ್ದು ಅಂಥ ಒಂದು ಟೌನ್‌ಲ್ಯಾಂಡ್‌ನಲ್ಲಿ. ಊರ ಹೆಸರುಗಳ ಸರಿಯಾದ ರೂಪ, ನಕ್ಷೆ ನೋಡಲು ಲೋಗನಿಮ್ ಡಾಟ್ ಐಇ ಎಂಬ ಸರ್ಕಾರಿ ತಾಣ ಇದೆ.

ಮೊದಲು ತೆರೆಯಬೇಕಾದದ್ದು ಗ್ರಿಫಿತ್ಸ್ ವ್ಯಾಲ್ಯುವೇಶನ್. ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿ ಕಂದಾಯ ನಿಗದಿಗಾಗಿ ಇಡೀ ದೇಶದ ಹೊಲ ಮನೆಗಳ ಲೆಕ್ಕ ಹಾಕಿಸಿದ. 1847ರಿಂದ 1864ರವರೆಗೆ ಅದು ಕಂತು ಕಂತಾಗಿ ಅಚ್ಚಾಯಿತು. ಒಂದು ಸಾಲು ಓದಿದರೆ ಏನೇನು ಸಿಗುತ್ತದೆ ನೋಡಿ. ಎಡಗಡೆ ನಕ್ಷೆಯ ಸಂಖ್ಯೆ. ಆಮೇಲೆ ಗೇಣಿದಾರನ ಹೆಸರು, ಧಣಿಯ ಹೆಸರು. ಅದರ ಮುಂದೆ ಬರೀ ಜಮೀನೋ, ಮನೆ ಕೊಟ್ಟಿಗೆ ಸೇರಿದೆಯೋ ಅನ್ನುವ ವಿವರ. ಎಕರೆ, ರೂಡ್, ಪರ್ಚ್ ಲೆಕ್ಕದಲ್ಲಿ ವಿಸ್ತೀರ್ಣ. ಕೊನೆಗೆ ಪೌಂಡ್, ಶಿಲ್ಲಿಂಗ್, ಪೆನ್ಸ್‌ನಲ್ಲಿ ಬೆಲೆ. ಮನೆಮಂದಿಯ ಹೆಸರಿಲ್ಲ, ವಯಸ್ಸಿಲ್ಲ. ಆದರೆ ಯಾವ ಹೆಸರು ಯಾವ ಕೌಂಟಿಯಲ್ಲಿ ಗುಂಪಾಗಿ ಕೂತಿದೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಕನ್ನಡಿ ಇಲ್ಲ. ಆಸ್ಕ್ ಅಬೌಟ್ ಐರ್ಲೆಂಡ್ ತಾಣದಲ್ಲಿ ಪುಕ್ಕಟೆ ನೋಡಬಹುದು.

ಒಂದು ಎಚ್ಚರ. 1845ರಿಂದ 1852ರವರೆಗಿನ ಆಲೂಗಡ್ಡೆ ಬರದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಗ್ರಿಫಿತ್‌ನ ಲೆಕ್ಕ ಎಷ್ಟೋ ಕಡೆ ಅದಾದ ಮೇಲಿನದು. ನಿಮ್ಮವರು ಅಷ್ಟರಲ್ಲಿ ಹೊರಟುಹೋಗಿದ್ದರೆ ಅದರಲ್ಲಿ ಸಿಗುವುದಿಲ್ಲ. ಆಗ 1823ರಿಂದ 1837ರವರೆಗಿನ ಟೈದ್ ಪುಸ್ತಕಗಳಿಗೆ ಹೋಗಿ. ಪ್ರಾಟೆಸ್ಟೆಂಟ್ ಚರ್ಚಿಗೆ ಕೊಡಬೇಕಿದ್ದ ತೆರಿಗೆಯ ಪಟ್ಟಿ ಅದು. ಕ್ಯಾಥೊಲಿಕ್ ರೈತರೂ ಕೊಡಬೇಕಿತ್ತು, ಹಾಗಾಗಿ ಅವರ ಹೆಸರೂ ಇದೆ. ಬೇಸಾಯಕ್ಕೆ ಜಮೀನು ಇಲ್ಲದವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಇನ್ನು ಜನಗಣತಿ. ಪೂರ್ತಿಯಾಗಿ ಉಳಿದಿರುವ ಹಳೆಯ ಗಣತಿಗಳು ಎರಡೇ, 1901 ಮತ್ತು 1911ರವು. ಡಬ್ಲಿನ್‌ನ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಇವೆರಡೂ ಮೂಲ ಕೈಬರಹದ ಸಮೇತ ಪುಕ್ಕಟೆ ಇವೆ. ಗಣತಿಯನ್ನು ನೂರು ವರ್ಷ ಮುಚ್ಚಿಡುವ ನಿಯಮದ ಪ್ರಕಾರ 1926ರದು ಹೊರಬರುವ ಸರದಿ 2026ಕ್ಕೆ. 1861, 1871ರವನ್ನು ಸರ್ಕಾರವೇ ಲೆಕ್ಕ ಮುಗಿದ ಮೇಲೆ ನಾಶ ಮಾಡಿತು. 1881, 1891ರವು ಮೊದಲ ಮಹಾಯುದ್ಧದ ಹೊತ್ತಿಗೆ ಕಾಗದದ ತಿರುಳಾದವು. ಅದಕ್ಕಿಂತ ಹಿಂದಿನವುಗಳಲ್ಲಿ ಬಹುಪಾಲು 1922ರ ಜೂನ್ 30ರಂದು ಸುಟ್ಟುಹೋದವು. ಅಂತರ್ಯುದ್ಧ ಶುರುವಾದ ದಿನಗಳಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಭಂಡಾರವೇ ಸಿಡಿದುಹೋಯಿತು. 2022ರಲ್ಲಿ ಶುರುವಾದ ವರ್ಚುವಲ್ ರೆಕಾರ್ಡ್ ಟ್ರೆಷರಿ, ಬೇರೆ ಕಡೆ ಉಳಿದಿದ್ದ ನಕಲುಗಳನ್ನು ಕೂಡಿಸಿ ಆ ಭಂಡಾರವನ್ನು ಮತ್ತೆ ಕಟ್ಟುತ್ತಿದೆ.

1911ರ ಒಂದು ನಮೂನೆಯನ್ನು ನಿಧಾನವಾಗಿ ಓದಿ ನೋಡಿ. ಮನೆಯ ಯಜಮಾನನೇ ತುಂಬಿ ಸಹಿ ಹಾಕಿದ ಕಾಗದ ಅದು. ಸಹಿ ಬಾರದಿದ್ದರೆ ಗುರುತು. ಹೆಸರು, ಯಜಮಾನನಿಗೆ ಏನಾಗಬೇಕು, ಧರ್ಮ, ಓದು ಬರಹ, ವಯಸ್ಸು, ಕಸುಬು, ಹುಟ್ಟಿದ ಕೌಂಟಿ, ಐರಿಷ್ ಮಾತಾಡುತ್ತಾರೋ ಇಲ್ಲವೋ. ಮದುವೆಯಾದ ಹೆಂಗಸಿಗೆ ಇನ್ನೂ ಮೂರು ಕಾಲಂ ತುಂಬಬೇಕು. ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು. ಕೊನೆಯ ಎರಡು ಅಂಕಿಗಳ ನಡುವಿನ ಅಂತರ ನೋಡಿದಾಗ ಹೆಸರಿನ ಅರ್ಥ ಹುಡುಕುವ ಉತ್ಸಾಹ ಸ್ವಲ್ಪ ತಣ್ಣಗಾಗುತ್ತದೆ.

ವಯಸ್ಸನ್ನು ಮಾತ್ರ ನಂಬಬೇಡಿ. 1901ರಲ್ಲಿ 56 ಇದ್ದವನು 1911ರಲ್ಲಿ 70 ಆಗಿರುತ್ತಾನೆ. 1908ರ ಕಾಯ್ದೆಯಿಂದ 70 ತುಂಬಿದವರಿಗೆ ವೃದ್ಧಾಪ್ಯ ಪಿಂಚಣಿ ಬಂತು ನೋಡಿ, ಹತ್ತು ವರ್ಷದಲ್ಲಿ ಜನಕ್ಕೆ ಹದಿನಾಲ್ಕು ವರ್ಷ ವಯಸ್ಸಾಯಿತು!

ಈಗ ಲ್ಯಾವೆಲ್ ಹಾಕಿ ಹುಡುಕಿ. ಹೆಸರು ಹೋಗಿ ಗುಂಪುಗೂಡುವುದು ಪಶ್ಚಿಮ ಕರಾವಳಿಯ ಮೇಯೊ ಕೌಂಟಿಯಲ್ಲಿ. ಅದೇ ಕೌಂಟಿಯ ಪಾರ್ಟ್ರಿಯಲ್ಲಿ 19ನೇ ಶತಮಾನದಲ್ಲಿ ರೈತರ ಪರವಾಗಿ ಜಮೀನ್ದಾರರ ವಿರುದ್ಧ ನಿಂತ ಪಾದ್ರಿ ಪ್ಯಾಟ್ರಿಕ್ ಲ್ಯಾವೆಲ್ ಇದ್ದದ್ದು. ಮನೆಮನೆಯೂ ಕ್ಯಾಥೊಲಿಕ್, ಹಲವರು ಐರಿಷ್ ಮಾತಾಡುವವರು. ಫ್ರೆಂಚ್ ಪ್ರಾಟೆಸ್ಟೆಂಟ್ ನಿರಾಶ್ರಿತರು ಅನ್ನುವ ಊಹೆ ಇಲ್ಲಿ ನಿಲ್ಲುವುದಿಲ್ಲ. ಬೆಂಗಳೂರಿನ ಲ್ಯಾವೆಲ್ ಹುಟ್ಟಿದ್ದೂ ಮೇಯೊದಲ್ಲೇ ಅಂತ ಇದರಿಂದ ಹೇಳಲಾಗದು. ಹೆಸರಿನ ನೆಲೆ ಬೇರೆ, ಒಬ್ಬ ಮನುಷ್ಯನ ಹುಟ್ಟೂರು ಬೇರೆ.

ಹಂತ 4: ಐರಿಷ್ ರೂಪ ಕಂಡುಹಿಡಿಯಿರಿ

ಕೌಂಟಿ ಕೈಯಲ್ಲಿದೆ. ಈಗ ನಿಘಂಟು ತೆರೆಯಬಹುದು. ಎರಡು ಹೆಸರು ನೆನಪಿಡಿ. 1923ರಲ್ಲಿ ಸರ್‌ನೇಮ್‌ಗಳ ದೊಡ್ಡ ಕೋಶ ಹೊರತಂದ ಪಾದ್ರಿ ಪ್ಯಾಟ್ರಿಕ್ ವುಲ್ಫ್. ಮತ್ತೆ 1943ರಿಂದ ಐರ್ಲೆಂಡಿನ ಮೊದಲ ಚೀಫ್ ಹೆರಾಲ್ಡ್ (ವಂಶಾವಳಿ, ಕುಲಲಾಂಛನ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ) ಆಗಿದ್ದ ಎಡ್ವರ್ಡ್ ಮ್ಯಾಕ್‌ಲೈಸಾಟ್. ಹೆಸರಿನ ಜೊತೆ ಸೀಮೆಯನ್ನೂ ಕೊಡುವುದರಿಂದ ಇಬ್ಬರೂ ನಮ್ಮ ಕೆಲಸಕ್ಕೆ ಬೇಕಾದವರು. ಇಬ್ಬರ ಮಾತು ಬೇರೆಯಾದಾಗ ನಾನು ಮ್ಯಾಕ್‌ಲೈಸಾಟ್ ಕಡೆ. ಆತ ದಾಖಲೆ ನೋಡಿ ಮಾತಾಡುತ್ತಾನೆ, ಅನುಮಾನ ಇದ್ದರೆ ಬಾಯಿ ಬಿಟ್ಟು ಹೇಳುತ್ತಾನೆ.

ಐರಿಷ್ ಕಾಗುಣಿತ ನೋಡಿ ಹೆದರಬೇಡಿ. ಮೂರು ಗುಟ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು. ಬಿ ಪಕ್ಕ ಎಚ್ ಬಂದರೆ 'ವ'. ಸಿ ಪಕ್ಕ ಎಚ್ ಬಂದರೆ ಗಂಟಲಿನ 'ಖ'. ಎಫ್ ಪಕ್ಕ ಎಚ್ ಬಂದರೆ ಎರಡೂ ಮೌನ. ಈ ಮೂರನೆಯದರಿಂದಲೇ ಲ್ಯಾವೆಲ್‌ನ ಒಗಟು ಬಿಡಿಸುತ್ತದೆ. ಅದರ ಐರಿಷ್ ರೂಪ 'ಓ ಮ್ವೀಲ್ ಆವಿಲ್'. ಎರಡನೇ ಪದ ಕಾಗದದಲ್ಲಿ ಎಫ್‌ನಿಂದ ಶುರುವಾಗುತ್ತದೆ. ಪಕ್ಕದಲ್ಲಿ ಎಚ್ ಇರುವುದರಿಂದ ಬಾಯಲ್ಲಿ ಅದು ಮಾಯ. 'ಮ್ವೀಲ್'ನ ಕೊನೆಯ ಲಕಾರ ಮುಂದಿನ 'ಆವಿಲ್'ಗೆ ಅಂಟಿತು. ಮೊದಲಿನ 'ಓ ಮ್ವೀ' ತುಂಡು ಕಳಚಿ ಬಿತ್ತು. ಉಳಿದದ್ದು 'ಲಾವಿಲ್'. ಅದನ್ನು ಕೇಳಿದ ಇಂಗ್ಲಿಷ್ ಕೈ ಲ್ಯಾವೆಲ್ ಅಂತ ಬರೆಯಿತು.

ಇದೇ ಹೆಸರು ಉತ್ತರದ ಡೊನೆಗಾಲ್, ಡೆರಿ ಕಡೆ ಬೇರೆ ವೇಷದಲ್ಲಿದೆ. ಅಲ್ಲಿ ಎಫ್ ಉಳಿದುಕೊಂಡು ಮಲ್‌ಫಾಲ್, ಮ್ಯಾಕ್‌ಫಾಲ್ ಆಯಿತು. ಡೊನೆಗಾಲ್‌ನ ಇನಿಷೋವೆನ್ ಭಾಗದ ಒಡೆಯರಾಗಿ ಈ ಹೆಸರಿನವರು ವಾರ್ಷಿಕ ದಾಖಲೆಗಳಲ್ಲಿ ಬರುತ್ತಾರೆ. ಮೇಯೊದ ಲ್ಯಾವೆಲ್‌ಗಳನ್ನು ಅವರ ವಂಶ ಅಂತ ಕಟ್ಟಿಹಾಕಬೇಡಿ. ಒಂದೇ ಹೆಸರು ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟುವುದು ಐರ್ಲೆಂಡಿನಲ್ಲಿ ಸಾಮಾನ್ಯ.

ಸ್ಮಿತ್ ಕಥೆ ಇದಕ್ಕಿಂತ ಸ್ವಾರಸ್ಯ. 1890ರ ಜನನ ದಾಖಲೆ ಹಿಡಿದು ರಾಬರ್ಟ್ ಮ್ಯಾಥೆಸನ್ ಎಂಬ ಅಧಿಕಾರಿ ಸರ್‌ನೇಮ್‌ಗಳ ಲೆಕ್ಕ ಹಾಕಿದ. ಮೊದಲ ಸ್ಥಾನ ಮರ್ಫಿಗೆ, ಅಂದಾಜು 62,600 ಜನ. ಆಮೇಲೆ ಕೆಲ್ಲಿ, ಸಲಿವನ್, ವಾಲ್ಷ್. ಐದನೆಯದು ಸ್ಮಿತ್! ಇಷ್ಟೊಂದು ಸ್ಮಿತ್‌ಗಳು ಇಂಗ್ಲೆಂಡಿನಿಂದಲೇ ಬಂದವರೇ? ಕೆಲವರು ಬಂದಿರಬಹುದು. ಆದರೆ ಕ್ಯಾವನ್ ಕೌಂಟಿಯ ಸ್ಮಿತ್‌ಗಳಲ್ಲಿ ಬಹಳಷ್ಟು ಮಂದಿ ಮೂಲತಃ 'ಮಾಕ್ ಗೌನ್'. ಗೇಲಿಕ್‌ನಲ್ಲಿ 'ಗೌ' ಅಂದರೆ ಕಮ್ಮಾರ. ಸರ್ಕಾರಿ ಕಾಗದಕ್ಕೆ ಹೆಸರು ಇಂಗ್ಲಿಷ್ ಆಗಬೇಕು ಅಂದಾಗ ಅರ್ಥವನ್ನೇ ಅನುವಾದಿಸಿಕೊಂಡರು. ಬೇರೆ ಕಡೆಯ ಅದೇ ಹೆಸರಿನವರು ಸದ್ದು ಉಳಿಸಿಕೊಂಡು ಮ್ಯಾಕ್‌ಗವನ್ ಆದರು.

ಇಂಥ ಬದಲಾವಣೆಗೆ ಕಾನೂನಿನ ಒತ್ತಾಯವೂ ಇತ್ತು. 1465ರಲ್ಲಿ ನಾಲ್ಕನೇ ಎಡ್ವರ್ಡ್ ಕಾಲದ ಕಾಯ್ದೆಯೊಂದು ಡಬ್ಲಿನ್, ಮೀತ್, ಲೌತ್, ಕಿಲ್ಡೇರ್‌ಗಳಲ್ಲಿ ಇಂಗ್ಲಿಷರ ನಡುವೆ ಬಾಳುವ ಐರಿಷರಿಗೆ ಇಂಗ್ಲಿಷ್ ಸರ್‌ನೇಮ್ ಕಡ್ಡಾಯ ಮಾಡಿತು. ಹೆಸರು ಎಲ್ಲಿಂದ ತರಬೇಕು ಅಂತಲೂ ಹೇಳಿತು. ಊರಿನ ಹೆಸರಾದರೆ ಸಟನ್, ಚೆಸ್ಟರ್, ಟ್ರಿಮ್. ಬಣ್ಣವಾದರೆ ವೈಟ್, ಬ್ಲ್ಯಾಕ್, ಬ್ರೌನ್. ಕಸುಬಾದರೆ ಸ್ಮಿತ್, ಕಾರ್ಪೆಂಟರ್. ಹುದ್ದೆಯಾದರೆ ಕುಕ್, ಬಟ್ಲರ್. ತಪ್ಪಿದರೆ ಸ್ವತ್ತು ಮುಟ್ಟುಗೋಲು. ಈ ಕಾಯ್ದೆಯನ್ನು ಎಲ್ಲ ಸ್ಮಿತ್‌ಗಳ ತಲೆಗೂ ಕಟ್ಟಬೇಡಿ. ಕ್ಯಾವನ್ ಆ ನಾಲ್ಕು ಕೌಂಟಿಗಳಲ್ಲಿಲ್ಲ.

ಅನುವಾದ ಎಡವಟ್ಟಾದ ಹೆಸರುಗಳೂ ಇವೆ. ಪಶ್ಚಿಮದ ಕನೆಮಾರಾ ಸೀಮೆಯ 'ಮಾಕ್ ಕನ್ರೀ' ಹೆಸರಿನ ಕೊನೆಯ 'ರೀ' ದೊರೆ ಅನ್ನುವ ಪದದಂತೆ ಕೇಳಿತು ಅಂತ ಅವರನ್ನು ಕಿಂಗ್ ಮಾಡಿಬಿಟ್ಟರು. ಕನೀನ್ ಎಂಬ ಹೆಸರು ಮೊಲದ ಪದದಂತೆ ಕೇಳಿದ್ದಕ್ಕೆ ಕೆಲವರು ರ್‍ಯಾಬಿಟ್ ಆದರು. ಹೆಸರು ಇಂಗ್ಲಿಷ್ ಪದದಂತೆ ಅಚ್ಚುಕಟ್ಟಾಗಿ ಕಂಡಷ್ಟೂ ಅನುಮಾನ ಪಡಿ. ವಾರ್ಡ್ ಅಂದರೆ ಕಾವಲುಗಾರ ಅಂದುಕೊಳ್ಳುತ್ತೀರಿ. ಗಾಲ್ವೇ, ಡೊನೆಗಾಲ್ ಕಡೆಯ ವಾರ್ಡ್ ಆದರೆ ಅದು 'ಮಾಕ್ ಅನ್ ವಾರ್ಡ್', ಆಸ್ಥಾನ ಕವಿಯ ಮಗ.

ಹಂತ 5: ಈಗ ಅರ್ಥಕ್ಕೆ ಬನ್ನಿ

ಗೇಲಿಕ್ ಹೆಸರಿನ ಅರ್ಥ ಅಂದರೆ ಬಹುಪಾಲು ಒಬ್ಬ ಮೂಲಪುರುಷನ ಸ್ವಂತ ಹೆಸರಿನ ಅರ್ಥ. ಮರ್ಫಿ, ಮುರಖಾ ಎಂಬವನ ವಂಶ. ಆ ಹೆಸರಿನಲ್ಲಿ ಕಡಲು ಮತ್ತು ಕಾಳಗ ಎಂಬ ಎರಡು ಪದಗಳಿವೆ. ಅಂದರೆ ಕಡಲ ಕಾಳಗದವನು. ಹಾಗಂತ ಮರ್ಫಿಗಳೆಲ್ಲ ನೌಕಾಯೋಧರ ಮಕ್ಕಳಲ್ಲ. ವೆಕ್ಸ್‌ಫರ್ಡ್‌ನ ಮರ್ಫಿಗಳು ಒಂದು ವಂಶ, ಅಲ್ಸ್ಟರ್‌ನವರು 'ಓ' ಬದಲು 'ಮ್ಯಾಕ್' ಇದ್ದ ಇನ್ನೊಂದು ವಂಶ. ಎಲ್ಲರಿಗಿಂತ ಜಾಸ್ತಿ ಮರ್ಫಿಗಳಿರುವುದು ಕಾರ್ಕ್‌ನಲ್ಲಿ. ನಾರ್ಮನ್ನರನ್ನು ಕರೆಸಿಕೊಂಡ ಲೆನ್ಸ್ಟರ್ ದೊರೆ ಡಿಯರ್ಮಿಡ್ ಮ್ಯಾಕ್‌ಮರೊನ ಹೆಸರಲ್ಲೂ ಅದೇ ಮುರಖಾ ಇದ್ದಾನೆ. ಆದರೆ ಆ ಮನೆಯವರು ಮುಂದೆ ಕ್ಯಾವನಾ, ಕಿನ್ಸೆಲಾ ಆಗಿ ಉಳಿದರು.

ಲ್ಯಾವೆಲ್‌ಗೆ ಬಂದರೆ, 'ಮ್ವೀಲ್' ಪದದ ಮೂಲ ಅರ್ಥ ಬೋಳುತಲೆ. ಸನ್ಯಾಸಿಗಳು ತಲೆ ಬೋಳಿಸುತ್ತಿದ್ದರಿಂದ ಭಕ್ತ, ನೆಚ್ಚಿದವನು ಅನ್ನುವ ಅರ್ಥ ಬಂತು. ಎರಡನೇ ಪದಕ್ಕೆ ಓಡಾಟ, ಸಂಚಾರ ಎಂಬ ಅರ್ಥ. ತಿರುಗಾಟ ನೆಚ್ಚಿದವನ ವಂಶ. ನ್ಯೂಜಿಲೆಂಡ್, ಬೆಂಗಳೂರು, ಕೋಲಾರ ಸುತ್ತಿದವನಿಗೆ ಹೆಸರು ಒಪ್ಪುತ್ತದೆ ಅಂತ ಖುಷಿಪಡಬೇಡಿ. ಆ ತಿರುಗಾಟ ಶತಮಾನಗಳ ಹಿಂದಿನ ಯಾವನೋ ಪುಣ್ಯಾತ್ಮನದು.

ಪದೇ ಪದೇ ಬರುವ ಕೆಲವು ತುಂಡುಗಳು ಗೊತ್ತಿದ್ದರೆ ಅನುಕೂಲ. 'ಗಿಲ್ಲ' ಅಂದರೆ ಸೇವಕ. ಫಿಟ್ಜ್‌ಪ್ಯಾಟ್ರಿಕ್‌ನ ಮೂಲ, ಸಂತ ಪ್ಯಾಟ್ರಿಕ್‌ನ ಸೇವಕನ ಮಗ. ಮಲೋನ್‌ನಲ್ಲಿ ಇರುವುದು ಲ್ಯಾವೆಲ್‌ನ ಅದೇ 'ಮ್ವೀಲ್', ಸಂತ ಜಾನ್‌ನ ಭಕ್ತ. 'ಕೂ' ಅಂದರೆ ಬೇಟೆನಾಯಿ. ಗೇಲಿಕ್‌ನಲ್ಲಿ ಅದು ಬೈಗುಳ ಅಲ್ಲ, ವೀರನಿಗೆ ಬಿರುದು. ಮ್ಯಾಕ್‌ನಮಾರಾ ಅಂದರೆ ಕಡಲ ಬೇಟೆನಾಯಿಯ ಮಗ. ಡಾಯ್ಲ್ ಅಂದರೆ ಕಪ್ಪು ಪರದೇಶಿಯ ವಂಶ, ಆ ಪರದೇಶಿ ವೈಕಿಂಗ್. ಹಿಕಿ ಅಂದರೆ ವೈದ್ಯನ ವಂಶ.

ಅರ್ಥ ಇತ್ಯರ್ಥವಾಗದ ಹೆಸರುಗಳೂ ಇವೆ. ಕೆಲ್ಲಿಯ ಮೂಲಪುರುಷ ಕೆಲ್ಲಖ್. ಅದಕ್ಕೆ ಹೊಳೆಯುವ ತಲೆಯವನು, ಜಗಳಗಾರ, ಚರ್ಚಿಗೆ ಹೋಗುವವನು ಅಂತ ವಿದ್ವಾಂಸರು ಮೂರು ದಿಕ್ಕಿಗೆ ಎಳೆಯುತ್ತಾರೆ. ಮೂರನ್ನೂ ಬರೆದಿಟ್ಟುಕೊಳ್ಳಿ. ಯಾವುದೋ ಒಂದನ್ನೇ ಖಚಿತ ಅಂತ ಮಗ್‌ ಮೇಲೆ ಅಚ್ಚು ಹಾಕಿ ಮಾರುವವರನ್ನು ನಂಬಬೇಡಿ.

ಮಗ್ ಅಂದಾಗ ನೆನಪಾಯಿತು, ಕುಲಲಾಂಛನ. ನಿಮ್ಮ ಸರ್‌ನೇಮ್‌ನ ಲಾಂಛನ ಅಂತ ಡಬ್ಲಿನ್‌ನ ಅಂಗಡಿಗಳಲ್ಲಿ ಟವೆಲ್‌ನಿಂದ ಕೀಚೈನ್‌ವರೆಗೆ ಎಲ್ಲ ಸಿಗುತ್ತದೆ. ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ, ಅದು ಅವನ ವಂಶಕ್ಕೆ. ಅದೇ ಸರ್‌ನೇಮ್ ಇರುವ ಎಲ್ಲರಿಗೂ ಅಲ್ಲ. ಕೀಚೈನ್ ಚೆನ್ನಾಗಿದ್ದರೆ ಕೊಳ್ಳಿ, ಪುರಾವೆ ಅಂತ ಮಾತ್ರ ಇಟ್ಟುಕೊಳ್ಳಬೇಡಿ.

ಹಂತ 6: ಮನೆಯವರ ಸರಪಳಿ ಕಟ್ಟಿ

ಹೆಸರಿನ ಕಥೆ ಮುಗಿಯಿತು. ಅದು ನಿಮ್ಮ ಮನೆಯ ಕಥೆ ಹೌದೋ ಅಲ್ಲವೋ ಅನ್ನುವುದು ಇನ್ನೂ ಬಾಕಿ.

ಐರ್ಲೆಂಡಿನಲ್ಲಿ ಎಲ್ಲರ ಜನನ, ಮದುವೆ, ಮರಣ ನೋಂದಣಿ 1864ರ ಜನವರಿ 1ರಿಂದ ಶುರು. ಕ್ಯಾಥೊಲಿಕ್ ಅಲ್ಲದ ಮದುವೆಗಳದು 1845ರಿಂದಲೇ. ಐರಿಷ್ ಜೀನಿಯಾಲಜಿ ಡಾಟ್ ಐಇ ತಾಣದಲ್ಲಿ ರಿಜಿಸ್ಟರ್ ಪುಟಗಳೇ ಕಾಣುತ್ತವೆ. ಖಾಸಗಿತನದ ಸಲುವಾಗಿ ಜನನಕ್ಕೆ 100, ಮದುವೆಗೆ 75, ಮರಣಕ್ಕೆ 50 ವರ್ಷದ ತಡೆ ಇದೆ. ಉತ್ತರ ಐರ್ಲೆಂಡಿನ ಆರು ಕೌಂಟಿಗಳ 1922ರ ಈಚಿನ ದಾಖಲೆಗೆ ಬೆಲ್‌ಫಾಸ್ಟ್ ಕಚೇರಿಯೇ ಗತಿ.

1864ಕ್ಕೂ ಹಿಂದಕ್ಕೆ ಹೋಗಬೇಕಾದರೆ ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರ್. ಸುಮಾರು 1880ರವರೆಗಿನವನ್ನು ನ್ಯಾಷನಲ್ ಲೈಬ್ರರಿ 2015ರಲ್ಲಿ ಪುಕ್ಕಟೆ ಆನ್‌ಲೈನ್ ಇಟ್ಟಿತು. ಮಸಿ ಹರಡಿರುತ್ತದೆ, ಎಷ್ಟೋ ಕಡೆ ಲ್ಯಾಟಿನ್ ಬೇರೆ. ಜಾಕೋಬಸ್ ಅಂದರೆ ಜೇಮ್ಸ್, ಗುಲಿಯೆಲ್ಮಸ್ ಅಂದರೆ ವಿಲಿಯಂ. ದಕ್ಷಿಣದ ಮನ್ಸ್ಟರ್‌ನಲ್ಲಿ ಡಿಯರ್ಮಿಡ್‌ನನ್ನು ಜೆರಮೈಯಾ ಅಂತ ಬರೆಯುವ ರೂಢಿ ಇತ್ತು. ಜ್ಞಾನಸ್ನಾನಕ್ಕೆ ನಿಂತ ಸಾಕ್ಷಿಗಳ ಹೆಸರನ್ನೂ ಬರೆದುಕೊಳ್ಳಿ. ಬಹಳ ಸಲ ಅವರು ಸೋದರಮಾವನೋ ಚಿಕ್ಕಮ್ಮನೋ ಆಗಿರುತ್ತಾರೆ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವ ರೂಢಿಯೂ ಸುಳಿವು ಕೊಡುತ್ತದೆ. ಅದು ರೂಢಿ ಅಷ್ಟೇ, ಕಾನೂನಲ್ಲ.

ಒಂದೇ ಪ್ಯಾರಿಷ್‌ನಲ್ಲಿ ಹತ್ತು ಜಾನ್ ರಯನ್ ಸಿಕ್ಕಿದರೆ? ಟಿಪರರಿಯಲ್ಲಿ ಇದು ದಿನನಿತ್ಯದ ಪಾಡು. ನಮ್ಮ ಹಳ್ಳಿಗಳಲ್ಲಿ ನಾಲ್ಕು ಜನ ರಾಮೇಗೌಡರಿದ್ದರೆ ತೋಟದಮನೆ ರಾಮೇಗೌಡ, ಕೆಂಚ ರಾಮೇಗೌಡ ಅಂತ ಕರೆಯುವ ಹಾಗೆ ಅಲ್ಲೂ ಮನೆಮನೆಗೆ ಅಡ್ಡಹೆಸರುಗಳಿವೆ. ರಯನ್ ಬಾನ್ ಅಂದರೆ ಬಿಳಿ ರಯನ್. ಕೆಲವು ದಾಖಲೆಗಳಲ್ಲಿ ಈ ಅಡ್ಡಹೆಸರನ್ನೂ ಬರೆದಿದ್ದಾರೆ. ಸಿಕ್ಕರೆ ಬಿಡಬೇಡಿ.

ಹಂತ 7: ಬೆಂಗಳೂರಿನಿಂದ ಹಿಂದಕ್ಕೆ ಹೋಗುವವರಿಗೆ

ಆಂಗ್ಲೋ ಇಂಡಿಯನ್ ಮನೆಯವರಿಗೆ ಮೇಲಿನ ದಾರಿ ನೇರವಾಗಿ ನಡೆಯುವುದಿಲ್ಲ. ಕೈಯಲ್ಲಿರುವ ಕಾಗದದಲ್ಲಿ ಐರ್ಲೆಂಡ್ ಅಂತ ಬಿಟ್ಟರೆ ಊರಿನ ಹೆಸರೇ ಇರುವುದಿಲ್ಲ. ನಡುವೆ ಸೈನ್ಯ ಇದೆ. 1830ರಲ್ಲಿ ಬ್ರಿಟಿಷ್ ಸೈನ್ಯದ ನೂರರಲ್ಲಿ 42 ಮಂದಿ ಐರಿಷರು. ಬೆಂಗಳೂರು ದಂಡಿಗೂ ಆ ಪಡೆಗಳು ಬಂದು ಹೋಗುತ್ತಿದ್ದವು. ಸೇಂಟ್ ಪ್ಯಾಟ್ರಿಕ್ಸ್ ಚರ್ಚ್ ಅಂತ ಹೆಸರಿಟ್ಟಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಇಲ್ಲೂ ಹೆಸರು ನೋಡಿ ಮೋಸಹೋಗಬೇಡಿ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಐರ್ಲೆಂಡಿನಲ್ಲೇ. ಆದರೆ ಆ ಸರ್‌ನೇಮ್ ಇಂಗ್ಲೆಂಡಿನ ಸಾಮರ್‌ಸೆಟ್‌ನ ಒಂದು ಜಾಗದ್ದು. ಆತನ ತಾತ ಹುಟ್ಟಿದ್ದು ರಿಚರ್ಡ್ ಕಾಲಿ ಆಗಿ. 1728ರಲ್ಲಿ ವೆಸ್ಲಿ ಎಂಬ ನೆಂಟನ ಆಸ್ತಿ ಕೈಗೆ ಬಂದಾಗ ಹೆಸರನ್ನೂ ತೆಗೆದುಕೊಂಡ. ಮೊಮ್ಮಗ ಆರ್ಥರ್ 1798ರವರೆಗೂ ವೆಸ್ಲಿ ಅಂತಲೇ ಸಹಿ ಹಾಕುತ್ತಿದ್ದ. ಅಂದರೆ ಶ್ರೀರಂಗಪಟ್ಟಣಕ್ಕೆ ಬರುವಾಗ ವೆಲ್ಲೆಸ್ಲಿ ಎಂಬ ಸಹಿ ಇನ್ನೂ ಹೊಸದು.

ದಂಡಿನ ಜ್ಞಾನಸ್ನಾನ, ಮದುವೆ, ಹೂಳಿಕೆಯ ವಿವರಗಳು ಮದ್ರಾಸ್ ಪ್ರೆಸಿಡೆನ್ಸಿಯ ಲೆಕ್ಕದಲ್ಲಿ ಲಂಡನ್‌ಗೆ ಹೋಗುತ್ತಿದ್ದವು. ಈಗ ಅವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ, ಎನ್ ಬಾರ್ 2 ಎಂಬ ಸಾಲಿನಲ್ಲಿವೆ. ಬ್ರಿಟಿಷ್ ಇಂಡಿಯಾ ಕುಟುಂಬಗಳ ಬಗ್ಗೆ ಕೆಲಸ ಮಾಡುವ ಫಿಬಿಸ್ ಸಂಸ್ಥೆಯ ತಾಣದಲ್ಲೂ ಹೆಸರು ಹಾಕಿ ಹುಡುಕಬಹುದು. ಈ ದಾಖಲೆಗಳಲ್ಲಿ ನೀವು ಮೊದಲು ನೋಡಬೇಕಾದದ್ದು ಅಪ್ಪನ ಹೆಸರಲ್ಲ, ಅವನ ರೆಜಿಮೆಂಟ್. ಅದೊಂದು ಸಿಕ್ಕರೆ ಲಂಡನ್ ಹತ್ತಿರದ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯು ಒ 97 ಸಾಲಿಗೆ ಹೋಗಿ. 1760ರಿಂದ 1913ರವರೆಗೆ ಪಿಂಚಣಿ ಪಡೆದು ಬಿಡುಗಡೆಯಾದ ಸಿಪಾಯಿಗಳ ಕಾಗದ ಅಲ್ಲಿವೆ. ಎತ್ತರ, ಕೂದಲಿನ ಬಣ್ಣ, ಸೇರುವ ಮುಂಚಿನ ಕಸುಬು ಎಲ್ಲ ಬರೆದಿರುತ್ತಾರೆ. ಹುಟ್ಟಿದ ಪ್ಯಾರಿಷ್, ಹತ್ತಿರದ ಪೇಟೆ, ಕೌಂಟಿಯೂ ಇರುತ್ತದೆ. ಆ ಸಾಲನ್ನು ಬರೆದುಕೊಂಡು ಮೂರನೇ ಹಂತಕ್ಕೆ ವಾಪಸ್ ಹೋಗಿ, ಗ್ರಿಫಿತ್ಸ್ ತೆರೆಯಿರಿ.